ಹಳೇ ಐಷಾರಾಮಿ ಕಾರನ್ನು ದಾನ ಕೊಡುವವರಿಗೆ: ಬೇ ಏರಿಯಾದ ಹೊಸಬರಿಗೆ ಒಂದಿಷ್ಟು ಮಾತು

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಈ ಬೇ ಏರಿಯಾಕ್ಕೆ ಬಂದು ಎರಡು ಮೂರು ವರ್ಷ ಆಗುವಷ್ಟರಲ್ಲಿ ನಮ್ಮವರಿಗೆ ಒಂದು ಆಸೆ ಹುಟ್ಟುತ್ತದೆ. ಹೊಸ ಕ್ಯಾಮ್ರಿಗೆ ಕೊಡುವ ದುಡ್ಡಲ್ಲಿ ಅರ್ಧ ಕೊಟ್ಟರೆ ಹತ್ತು ವರ್ಷ ಹಳೆಯ ಬೆಂಜೋ ಬಿಎಂಡಬ್ಲ್ಯುವೋ ಲೆಕ್ಸಸೋ ಸಿಗುತ್ತದೆ, ಅಲ್ವಾ? ಲಿವರ್‌ಮೋರ್ ದೇವಸ್ಥಾನದಲ್ಲಿ ಪೂಜೆ, ಚಕ್ರದಡಿ ನಿಂಬೆಹಣ್ಣು, ಊರಿನ ಫ್ಯಾಮಿಲಿ ಗ್ರೂಪಿಗೆ ಫೋಟೋ. ತಪ್ಪೇನಿಲ್ಲ, ನಾನೂ ಹಾಗೇ ಮಾಡಿದವನು. ಆಮೇಲೆ ಆರೇಳು ವರ್ಷ ಓಡಿಸಿ, ಅದನ್ನು ಏನು ಮಾಡುವುದು ಅಂತ ತಲೆ ಕೆರೆದುಕೊಂಡವನೂ ಹೌದು.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುತ್ತಾರೆ. ಹಳೇ ಐಷಾರಾಮಿ ಕಾರಿಗೆ ಈ ಗಾದೆ ಹೊಂದುವುದಿಲ್ಲ. ಕಾರಿನ ಬೆಲೆ ಇಳಿಯುತ್ತಾ ಹೋಗುತ್ತದೆ, ಅದರ ಬಿಡಿಭಾಗದ ಬೆಲೆ ಮಾತ್ರ ಇಳಿಯುವುದಿಲ್ಲ. ನನ್ನದು 2006ರ ಜರ್ಮನ್ ಸೆಡಾನ್, ಕಂಪನಿ ಹೆಸರು ಬೇಡ. ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಸಸ್ಪೆನ್ಷನ್. ರಾತ್ರಿ ನೆಟ್ಟಗೆ ನಿಲ್ಲಿಸಿ ಮಲಗಿದರೆ, ಬೆಳಗ್ಗೆ ಮುಂದಿನ ಎಡಭಾಗ ಕುಸಿದು ಕೂತಿರುತ್ತಿತ್ತು, ಉಳುವುದನ್ನು ಬಿಟ್ಟು ಮಲಗಿದ ಎತ್ತಿನ ಹಾಗೆ. ಮೆಕ್ಯಾನಿಕ್ 3,200 ಡಾಲರ್ ಎಸ್ಟಿಮೇಟ್ ಬರೆದುಕೊಟ್ಟ. ಆ ಸ್ಥಿತಿಯಲ್ಲಿ ಇಡೀ ಕಾರಿಗೇ ಅಷ್ಟು ಬೆಲೆ ಇರಲಿಲ್ಲ.

ಆಗ ಸ್ನೇಹಿತರೊಬ್ಬರು ಹೇಳಿದರು: “ದಾನ ಕೊಟ್ಟುಬಿಡಿ ಸಾರ್, ಬ್ಲೂ ಬುಕ್ಕಲ್ಲಿ ಎಷ್ಟಿದೆಯೋ ಅಷ್ಟಕ್ಕೂ ಟ್ಯಾಕ್ಸ್ ಕಳೀಬಹುದು.” ಬ್ಲೂ ಬುಕ್ ಅಂದರೆ ಇಲ್ಲಿ ಹಳೇ ಕಾರುಗಳ ಬೆಲೆ ಹೇಳುವ ಪಟ್ಟಿ. ಈ ಮಾತು ನಿಮ್ಮ ಕಿವಿಗೂ ಬಿದ್ದೇ ಬೀಳುತ್ತದೆ. ಇದು 2004ರವರೆಗಿನ ಕಥೆ. ಆಗ ಜನ ಗುಜರಿ ಕಾರಿಗೂ ಬಾಯಿಗೆ ಬಂದ ಬೆಲೆ ಬರೆಯುತ್ತಿದ್ದರು. ಅದನ್ನು ತಡೆಯಲು ಕಾನೂನು ಬದಲಾಯಿಸಿದರು, 2005ರಿಂದ ಲೆಕ್ಕವೇ ಬೇರೆ. ದಾನ ಪಡೆದ ಸಂಸ್ಥೆ ನಿಮ್ಮ ಕಾರನ್ನು ಮಾರಿದರೆ, ಮಾರಿ ಬಂದ ಮೊತ್ತ ಎಷ್ಟೋ ಅಷ್ಟನ್ನೇ ನೀವು ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು. ಬ್ಲೂ ಬುಕ್ ಏನೇ ಹೇಳಲಿ. 500 ಡಾಲರಿಗೋ ಅದಕ್ಕಿಂತ ಕಮ್ಮಿಗೋ ಹೋದರೆ, 500 ಅಥವಾ ಕಾರಿನ ನಿಜವಾದ ಮಾರುಕಟ್ಟೆ ಬೆಲೆ, ಎರಡರಲ್ಲಿ ಯಾವುದು ಕಮ್ಮಿಯೋ ಅದು.

ನನ್ನ ಲೆಕ್ಕವನ್ನೇ ನೋಡಿ. ಬ್ಲೂ ಬುಕ್ಕಲ್ಲಿ ಅದೇ ಮಾಡೆಲ್, ಒಳ್ಳೆ ಸ್ಥಿತಿಯಲ್ಲಿದ್ದರೆ 4,500 ಡಾಲರ್. ಹರಾಜಿನಲ್ಲಿ ಹೋದದ್ದು 1,150ಕ್ಕೆ. ನಾನು 24 ಪರ್ಸೆಂಟ್ ಸ್ಲ್ಯಾಬಿನಲ್ಲಿದ್ದೆ, ಹಾಗಾಗಿ ಫೆಡರಲ್ ತೆರಿಗೆಯಲ್ಲಿ ಉಳಿದದ್ದು 276 ಡಾಲರ್. ಅದೂ ಮನೆ ಸಾಲದ ಬಡ್ಡಿ ಇದ್ದು, ಖರ್ಚುಗಳನ್ನೆಲ್ಲ ಐಟಮೈಸ್ ಮಾಡುತ್ತಿದ್ದೆ, ಅಂದರೆ ಒಂದೊಂದಾಗಿ ಪಟ್ಟಿ ಕೊಟ್ಟು ಕಳೆಯುತ್ತಿದ್ದೆ ಅನ್ನುವ ಕಾರಣಕ್ಕೆ.

ಹೊಸಬರು ಎಡವುವುದು ಇಲ್ಲೇ. 2025ರ ಲೆಕ್ಕದಲ್ಲಿ ಗಂಡ ಹೆಂಡತಿ ಒಟ್ಟಿಗೆ ಫೈಲ್ ಮಾಡಿದರೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಪಟ್ಟಿ ಕೊಡದೆಯೇ ಕಳೆಯಬಹುದಾದ ನಿಗದಿತ ಮೊತ್ತ, 31,500 ಡಾಲರ್, ಒಬ್ಬರೇ ಇದ್ದರೆ 15,750. ಬಾಡಿಗೆ ಮನೆಯಲ್ಲಿದ್ದು ಈ ಡಿಡಕ್ಷನ್ನನ್ನೇ ತೆಗೆದುಕೊಳ್ಳುವವರಿಗೆ ಕಾರು ದಾನದಿಂದ ತೆರಿಗೆಯಲ್ಲಿ ಉಳಿಯುವುದು ಸೊನ್ನೆ. 2026ರಿಂದ ಐಟಮೈಸ್ ಮಾಡದವರಿಗೂ ಒಂದಿಷ್ಟು ದಾನ ಕಳೆಯಲು ಬಿಟ್ಟಿದ್ದಾರೆ, ಒಬ್ಬರಿಗೆ 1,000, ದಂಪತಿಗೆ 2,000. ಆದರೆ ಅದು ನಗದು ದಾನಕ್ಕೆ ಮಾತ್ರ, ಕಾರಿಗಲ್ಲ. ಎಫ್-1 ವೀಸಾದ ವಿದ್ಯಾರ್ಥಿಗಳಲ್ಲೂ ಭಾರತ–ಅಮೆರಿಕ ತೆರಿಗೆ ಒಪ್ಪಂದದ ಮೇಲೆ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯುವವರಿಗೆ ಇದೇ ಕಥೆ.

ಹಾಗಾದರೆ ಯಾಕೆ ಕೊಡಬೇಕು? ಮಾರುವ ತಲೆನೋವು ಇರುವುದಿಲ್ಲ, ಯಾರಿಗೋ ನಾಲ್ಕು ಕಾಸು ಸೇರುತ್ತದೆ. ನನಗೆ ಇಷ್ಟೇ ಸಾಕಾಯಿತು. ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಾರನ್ನು ಖಾಸಗಿಯಾಗಿ ಮಾರಬೇಕಾದರೆ ಹೊಗೆ ತಪಾಸಣೆಯ ಸ್ಮಾಗ್ ಸರ್ಟಿಫಿಕೇಟ್ ಮಾರುವವನೇ ಕೊಡಬೇಕು, 90 ದಿನದ ಒಳಗಿನದ್ದು. ಚೆಕ್ ಎಂಜಿನ್ ದೀಪ ಉರಿಯುತ್ತಿದ್ದರೆ ಅದು ಪಾಸಾಗುವುದಿಲ್ಲ. ಅದರ ಮೇಲೆ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಿನಲ್ಲಿ ಹಾಕಿದರೆ ದಿನಕ್ಕೆ ಇಪ್ಪತ್ತು ಜನ “ಲಾಸ್ಟ್ ಎಷ್ಟು?” ಅಂತ ಕೇಳಿ ಮಾಯವಾಗುತ್ತಾರೆ. ಕಾರು ಚೆನ್ನಾಗಿ ಓಡುತ್ತಿದ್ದು ಕೈಯಲ್ಲಿ ಪುರಸೊತ್ತಿದ್ದರೆ ಮಾರಿ. ನಿಮಗೆ ದಾನವನ್ನೂ ಮಾಡಬೇಕು ಅನ್ನಿಸಿದರೆ ಮಾರಿದ ದುಡ್ಡನ್ನೇ ಚೆಕ್ಕಾಗಿ ಕೊಡಿ. ಸಂಸ್ಥೆಗೂ ಅದೇ ಜಾಸ್ತಿ ಸಿಗುತ್ತದೆ, ಏಕೆಂದರೆ ನಡುವೆ ಟೋಯಿಂಗಿನವರು, ಹರಾಜಿನವರು, ಏಜೆಂಟರು ಯಾರೂ ಪಾಲು ಕೇಳುವುದಿಲ್ಲ. ದಾನ ಕೊಡುವುದು ನನ್ನ ಕಾರಿನಂತೆ ಕೂತು ಏಳಲಾರದವುಗಳನ್ನು.

ಪೂರ್ತಿ ಮಾರುಕಟ್ಟೆ ಬೆಲೆ ಕಳೆಯಲು ದಾರಿಯೇ ಇಲ್ಲ ಅಂತಲ್ಲ. ಸಂಸ್ಥೆ ಕಾರನ್ನು ಮಾರದೆ ತನ್ನ ಕೆಲಸಕ್ಕೇ ನಿಜವಾಗಿ ಬಳಸಿದರೆ, ಅಂದರೆ ವೃದ್ಧರ ಮನೆಗಳಿಗೆ ಊಟ ತಲುಪಿಸಲು ವರ್ಷವಿಡೀ ದಿನಾ ಓಡಿಸಿದಂತೆ, ಅಥವಾ ದೊಡ್ಡ ರಿಪೇರಿ ಮಾಡಿ ಬೆಲೆ ಏರಿಸಿದರೆ, ಅಥವಾ ಬಡವರೊಬ್ಬರಿಗೆ ಉಚಿತವಾಗಿಯೋ ತೀರಾ ಕಮ್ಮಿಗೋ ಕೊಟ್ಟರೆ ಆಗ ಮಾರುಕಟ್ಟೆ ಬೆಲೆಯನ್ನು ಕಳೆಯಬಹುದು. ಆ ಬೆಲೆ 5,000 ದಾಟಿದರೆ ಬೆಲೆ ಕಟ್ಟಿಸುವ ಅಪ್ರೈಸಲ್ ಬೇಕು. ಆದರೆ ಗ್ಯಾಲನ್ನುಗಟ್ಟಲೆ ಪ್ರೀಮಿಯಂ ಪೆಟ್ರೋಲ್ ಕುಡಿಯುವ, ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಿಸುವ ಹಳೇ ಸೆಡಾನನ್ನು ಯಾವ ಸಂಸ್ಥೆ ಸಾಕುತ್ತದೆ? ಅವರಿಗೆ ಬೇಕಾದದ್ದು ಕೊರೊಲ್ಲಾ, ಸಿಯೆನ್ನಾ. ನಿಮ್ಮ ಕಾರು ಹರಾಜಿಗೇ ಹೋಗುತ್ತದೆ ಅಂದುಕೊಂಡೇ ಲೆಕ್ಕ ಹಾಕಿ.

ಯಾರಿಗೆ ಕೊಡುವುದು ಅನ್ನುವುದಕ್ಕೆ ಇಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್ ವೆಬ್‌ಸೈಟಿನಲ್ಲೇ ತೆರಿಗೆ ವಿನಾಯಿತಿ ಸಂಸ್ಥೆಗಳನ್ನು ಹುಡುಕುವ ಪುಟ ಇದೆ. ಹೆಸರು ಹಾಕಿ ಅದು 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಇರುವ ದತ್ತಿ ಸಂಸ್ಥೆ, ಹೌದಾ ನೋಡಿ. ಇಲ್ಲಿನ ಸಾರ್ವಜನಿಕ ರೇಡಿಯೋ ಕೆಕ್ಯೂಇಡಿ ಕಾರು ತೆಗೆದುಕೊಳ್ಳುತ್ತದೆ, ಬಡವರಿಗೆ ಮನೆ ಕಟ್ಟುವ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿಯೂ ತೆಗೆದುಕೊಳ್ಳುತ್ತದೆ. ಹೆಚ್ಚಿನ ಕಡೆ ಫೋನ್ ಎತ್ತುವುದು ಸಂಸ್ಥೆಯಲ್ಲ, ನಡುವಿನ ಕಂಪನಿ. ನೂರು ಡಾಲರಿಗೆ ಕಾರು ಹೋದರೆ ಸಂಸ್ಥೆಯ ಕೈಗೆ ಎಷ್ಟು ಬರುತ್ತದೆ ಅಂತ ನೇರವಾಗಿ ಕೇಳಿ, ಸಂಕೋಚ ಬೇಡ. ನಾನು ಮೊದಲು ಫೋನ್ ಮಾಡಿದ ಕಡೆ ಆ ಪ್ರಶ್ನೆಗೆ ಮೂರು ಸಲ ಮಾತು ತಿರುಗಿಸಿದರು. ನಾಲ್ಕನೇ ಸಲ ಕೇಳದೆ ಇಟ್ಟುಬಿಟ್ಟೆ.

ಈಗ ಕಾಗದದ ಕೆಲಸ. ಕಾರಿನ ಮಾಲೀಕತ್ವದ ಪತ್ರವಾದ ಟೈಟಲ್, ಇಲ್ಲಿನವರ ಬಾಯಲ್ಲಿ ಪಿಂಕ್ ಸ್ಲಿಪ್, ನಿಮ್ಮ ಹೆಸರಲ್ಲೇ ಇರಬೇಕು, ಸಾಲ ಪೂರ್ತಿ ತೀರಿರಬೇಕು. ಅದರಲ್ಲಿ ಇಬ್ಬರ ಹೆಸರಿದ್ದರೆ ನಡುವಿನ ಪದವನ್ನು ಕಣ್ಣು ಬಿಟ್ಟು ನೋಡಿ. ‘ಆ್ಯಂಡ್’ ಅಂತಿದ್ದರೆ ಇಬ್ಬರ ಸಹಿಯೂ ಬೇಕು, ‘ಆರ್’ ಅಂತಿದ್ದರೆ ಒಬ್ಬರದು ಸಾಕು. ನನ್ನದರಲ್ಲಿ ‘ಆ್ಯಂಡ್’ ಇತ್ತು. ನನ್ನಾಕೆ ನಾದಿನಿಯ ಬಾಣಂತನಕ್ಕೆ ಅಂತ ಹಾಸನಕ್ಕೆ ಹೋಗಿದ್ದಳು, ಎರಡು ತಿಂಗಳು ಕಾರು ಮನೆಮುಂದೆ ಕೂತೇ ಇತ್ತು. ಊರಿಗೆ ಹೋಗುವ ಮುಂಚೆ ವಾಹನ ನೋಂದಣಿ ಇಲಾಖೆಯ (ಡಿಎಂವಿ) ಪವರ್ ಆಫ್ ಅಟಾರ್ನಿ ಫಾರ್ಮ್, ರೆಗ್ 260, ಸಹಿ ಮಾಡಿಸಿಟ್ಟುಕೊಂಡಿದ್ದರೆ ಮುಗಿಯುತ್ತಿತ್ತು. ಹಾಗೇ ಟೈಟಲ್ ಮೇಲೆ ತಪ್ಪು ಬರೆದರೆ ಅಳಿಸುವುದಕ್ಕೆ, ಬಿಳಿ ಬಣ್ಣ ಬಳಿಯುವುದಕ್ಕೆ ಹೋಗಬೇಡಿ. ಮೊದಲು ಪೆನ್ಸಿಲಲ್ಲಿ ಬೇರೆ ಹಾಳೆ ಮೇಲೆ ಬರೆದು ನೋಡಿಕೊಳ್ಳಿ.

ಕಾರು ಕೊಟ್ಟ 5 ದಿನದೊಳಗೆ ಡಿಎಂವಿಗೆ ‘ರಿಲೀಸ್ ಆಫ್ ಲಯಬಿಲಿಟಿ’, ಅಂದರೆ ಈ ಕಾರಿನ ಹೊಣೆ ಇನ್ನು ನನ್ನದಲ್ಲ ಅನ್ನುವ ಪತ್ರ, ಹಾಕಿ. ಆನ್‌ಲೈನ್‌ನಲ್ಲೇ ಆಗುತ್ತದೆ, ಐದು ನಿಮಿಷದ ಕೆಲಸ. ಅದು ಆದ ಮೇಲೆಯೇ ಇನ್ಶೂರೆನ್ಸ್ ನಿಲ್ಲಿಸಿ, ಉಲ್ಟಾ ಮಾಡಬೇಡಿ. ಇಲ್ಲಿ ಮಾಮೂಲಿ ನಂಬರ್ ಪ್ಲೇಟ್ ಕಾರಿನ ಜೊತೆಗೇ ಹೋಗುತ್ತದೆ. ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಯವರು ಪ್ಲೇಟ್ ಬಿಚ್ಚಿಟ್ಟುಕೊಂಡು ವಾಪಸ್ ಕೊಡಬೇಕು, ಇದನ್ನು ಕೇಳಿ ನೀವೂ ಬಿಚ್ಚಬೇಡಿ. ಪ್ಲೇಟ್ ಕಾರಲ್ಲೇ ಇರುವುದರಿಂದ ಇನ್ನೊಂದು ಫಜೀತಿ. ನಾನು ಫಾಸ್‌ಟ್ರ್ಯಾಕ್ ಟೋಲ್ ಡಬ್ಬಿಯನ್ನೇನೋ ಗಾಜಿಂದ ಕಿತ್ತುಕೊಂಡೆ, ಅಕೌಂಟಿನಿಂದ ಪ್ಲೇಟ್ ನಂಬರ್ ತೆಗೆಯಲು ಮರೆತೆ. ಒಂದೂವರೆ ತಿಂಗಳಾದ ಮೇಲೆ ನೋಡಿದರೆ, ಯಾರೋ ಅದೇ ಕಾರಲ್ಲಿ ಎರಡು ಸಲ ಬೇ ಬ್ರಿಡ್ಜ್ ದಾಟಿದ್ದಾರೆ, ಟೋಲ್ ಕಟ್ಟಿದವನು ನಾನು! ಸಿಟ್ಟಿಗಿಂತ ಖುಷಿಯೇ ಆಯಿತು ನಿಜ ಹೇಳಬೇಕಂದ್ರೆ, ಅದು ಸೇತುವೆ ಹತ್ತುವ ಮಟ್ಟಕ್ಕೆ ಎದ್ದು ನಿಂತಿದೆಯಲ್ಲ ಅಂತ.

ಮಾರಾಟ ಆದ 30 ದಿನದೊಳಗೆ ಸಂಸ್ಥೆ ನಿಮಗೆ 1098-ಸಿ ಫಾರ್ಮ್ ಕಳಿಸಬೇಕು. ಅದರ 4ಸಿ ಬಾಕ್ಸಿನಲ್ಲಿರುವ ಮೊತ್ತವೇ ನಿಮ್ಮ ಲೆಕ್ಕ. 500 ಡಾಲರಿಗಿಂತ ಜಾಸ್ತಿ ಕಳೆಯುವುದಾದರೆ ಅದನ್ನು ರಿಟರ್ನ್ ಜೊತೆ ಲಗತ್ತಿಸಬೇಕು, ನಗದಲ್ಲದ ದಾನಕ್ಕಿರುವ ಫಾರ್ಮ್ 8283 ಕೂಡ ತುಂಬಬೇಕು. 1098-ಸಿ ಬರುವ ತನಕ ಟೋ ಡ್ರೈವರ್ ಕೊಟ್ಟ ರಸೀದಿಯನ್ನು ಎಸೆಯಬೇಡಿ. ಆ ರಸೀದಿಯಿಂದ ಟ್ಯಾಕ್ಸ್ ಕಳೆಯಲು ಆಗುವುದಿಲ್ಲ, ಆದರೆ ಕೊಟ್ಟ ದಿನ ಯಾವುದು ಅನ್ನುವುದಕ್ಕೆ ಅದೇ ಸಾಕ್ಷಿ. ಡಿಸೆಂಬರ್ ಕೊನೇ ವಾರದಲ್ಲಿ ಕೊಡುವವರಿಗೆ ಇದು ಮುಖ್ಯ.

ಕೊನೆಯದಾಗಿ ಕಾರಿನ ಒಳಗೆ ಕೈ ಹಾಕಿ ಹುಡುಕಿ. ಸೀಟಿನ ಸಂದಿ, ಟ್ರಂಕಿನ ಸ್ಟೆಪ್ನಿ ಗುಂಡಿ, ಸನ್‌ಗ್ಲಾಸ್ ಇಡುವ ಗೂಡು. ಮನೆ ವಿಳಾಸ ಇರುವ ಹಳೇ ರಿಜಿಸ್ಟ್ರೇಷನ್ ಕಾಗದ ತೆಗೆಯಿರಿ. ಗ್ಯಾರೇಜ್ ಬಾಗಿಲು ತೆರೆಯುವ ಬಟನ್ ಕನ್ನಡಿಯಲ್ಲೇ ಇದ್ದರೆ ಅದರ ಕೋಡನ್ನು ಅಳಿಸಿ, ಬ್ಲೂಟೂತಿನ ಫೋನ್ ನಂಬರುಗಳನ್ನೂ ಅಳಿಸಿ. ನನ್ನ ಕಾರಲ್ಲಿ ಸಿಕ್ಕಿದ್ದು ಒಂದು ಕುಂಕುಮದ ಪೊಟ್ಟಣ, ಕೋಡುಬಳೆ ಚೂರು, ಮಗನ ಕಳೆದುಹೋದ ಒಂದು ಶೂ. ಡ್ಯಾಶ್‌ಬೋರ್ಡಿನ ಗಣೇಶ ಬರಿಗೈಯಲ್ಲಿ ಎಳೆದರೆ ಜಪ್ಪಯ್ಯ ಅಂದರೂ ಕಿತ್ತು ಬರಲಿಲ್ಲ. ಹಲ್ಲಿನ ಸಂದಿ ತೆಗೆಯುವ ಫ್ಲಾಸ್ ದಾರವನ್ನು ಅಂಟಿನ ಕೆಳಗೆ ತೂರಿಸಿ ಗರಗಸದ ಹಾಗೆ ಎಳೆದರೆ ಸಲೀಸಾಗಿ ಬರುತ್ತದೆ.

ಎಲ್ಲ ಕೀಗಳನ್ನೂ ಕೊಡಿ. ಈ ಕಾರುಗಳ ಎಲೆಕ್ಟ್ರಾನಿಕ್ ಕೀ ಒಂದಕ್ಕೇ ನೂರಾರು ಡಾಲರ್, ಎರಡೂ ಇದ್ದರೆ ಹರಾಜಿನಲ್ಲಿ ಕೊಳ್ಳುವವನು ಎರಡು ಕಾಸು ಜಾಸ್ತಿ ಕೂಗುತ್ತಾನೆ. ಟೋ ಡ್ರೈವರ್ “ಸೆಕೆಂಡ್ ಕೀ?” ಅಂತ ಕೇಳಿದಾಗ ಅರ್ಧ ಗಂಟೆ ಮನೆಯೆಲ್ಲ ಜಾಲಾಡಿ, ಕಳೆದುಹೋಗಿದೆ ಅಂತ ಹೇಳಿ ಕಳಿಸಿದೆ. ಮೂರು ವಾರ ಆದ ಮೇಲೆ ಅಡುಗೆಮನೆಯಲ್ಲಿ ಕಾಯಿ ತುರಿಯುವ ಮಣೆ ಎತ್ತಿದರೆ, ಅದರಡಿ ಇತ್ತು.