ತಲೆಕೆಳಗಾಗಿ ಹಾರುವ ಮಾದರಿ ವಿಮಾನ: ಭಾಗಗಳನ್ನು ಆರಿಸುವುದು ಹೇಗೆ?

ರಿಮೋಟ್ ಹಿಡಿದು ಸಾದಾ ಟ್ರೇನರ್ ವಿಮಾನ ಹಾರಿಸಲು ಕಲಿತವರಿಗೆ ಸ್ವಲ್ಪ ದಿನದಲ್ಲೇ ಕೈ ತುರಿಸಲು ಶುರುವಾಗುತ್ತದೆ. ಲೂಪ್ ಹೊಡೆಸಬೇಕು, ರೋಲ್ ಮಾಡಿಸಬೇಕು, ಮೂಗು ಮೇಲೆ ಮಾಡಿ ಗಾಳಿಯಲ್ಲೇ ನಿಲ್ಲಿಸಬೇಕು. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸ ದೊಡ್ಡ ಮೋಟಾರ್ ಹುಡುಕುವುದು. ಅದು ಉಲ್ಟಾ ದಾರಿ. ಯಾವ ತರಹದ ಹಾರಾಟ ಬೇಕು, ಎಲ್ಲ ಸೇರಿ ತೂಕ ಎಷ್ಟಾಗುತ್ತದೆ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಗುವವರೆಗೆ ಮೋಟಾರಿನ ಮಾತೇ ಬೇಡ. ಅವೆರಡು ಗೊತ್ತಾದರೆ ಉಳಿದ ಭಾಗಗಳು ಒಂದರ ಹಿಂದೆ ಒಂದು ತಾವಾಗಿ ತೀರ್ಮಾನವಾಗುತ್ತಾ ಹೋಗುತ್ತವೆ.

ಮೊದಲು ಹಾರಾಟ, ಆಮೇಲೆ ಬಾಡಿ

ಏರೋಬ್ಯಾಟಿಕ್, ಅಂದರೆ ಗಾಳಿಯಲ್ಲಿ ಕಸರತ್ತು ಮಾಡಿಸುವ ಹಾರಾಟದಲ್ಲಿ ಎರಡು ತುದಿಗಳಿವೆ. ಒಂದು ಪ್ಯಾಟರ್ನ್: ನೇರ ಗೆರೆ, ದುಂಡನೆಯ ಲೂಪ್, ಏರುವಾಗಲೂ ಇಳಿಯುವಾಗಲೂ ಹೆಚ್ಚುಕಡಿಮೆ ಒಂದೇ ವೇಗ. ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟವಾದ ಎಫ್‌ಎಐ ನಿಯಮದಡಿ ನಡೆಯುವ ಎಫ್3ಎ ಸ್ಪರ್ಧೆ ಈ ಜಾತಿಯದು. ಅಲ್ಲಿ ವಿಮಾನದ ಉದ್ದವೂ ರೆಕ್ಕೆಯ ಹರವೂ 2 ಮೀಟರ್ ಮೀರುವಂತಿಲ್ಲ. ಇನ್ನೊಂದು ತುದಿ 3ಡಿ. ಇಲ್ಲಿ ರೆಕ್ಕೆ ಸ್ಟಾಲ್ ಆದ ಮೇಲೂ, ಅಂದರೆ ಎತ್ತಿ ಹಿಡಿಯುವ ಶಕ್ತಿ ಕಳೆದುಕೊಂಡ ಮೇಲೂ, ವಿಮಾನವನ್ನು ಆಡಿಸುತ್ತಾರೆ. ಹೋವರ್ ಮಾಡುವಾಗ, ಅಂದರೆ ಮೂಗು ಮೇಲೆ ಮಾಡಿ ಗಾಳಿಯಲ್ಲಿ ನಿಂತಾಗ, ಅದನ್ನು ಎತ್ತಿ ಹಿಡಿಯುವುದು ಪ್ರೊಪೆಲರ್ ಮಾತ್ರ. ಪ್ರೊಪೆಲರ್ ತಳ್ಳುವ ಗಾಳಿಯೇ ಬಾಲಕ್ಕೆ ಬಡಿದು ವಿಮಾನ ಮಾತು ಕೇಳುವಂತೆ ಮಾಡುತ್ತದೆ.

ಎರಡಕ್ಕೂ ಬೇಕಾದ ಗುಣಗಳು ಕೆಲವಿವೆ. ರೆಕ್ಕೆಯ ಅಡ್ಡಸೀಳು ಮೇಲೆ ಕೆಳಗೆ ಒಂದೇ ಆಕಾರದಲ್ಲಿರಬೇಕು, ಆಗಲೇ ತಲೆಕೆಳಗಾದಾಗಲೂ ಅಷ್ಟೇ ಚೆನ್ನಾಗಿ ಹಾರುತ್ತದೆ. ರೆಕ್ಕೆಯ ತುದಿಗಳು ಟ್ರೇನರಿನ ಹಾಗೆ ಮೇಲಕ್ಕೆ ಬಾಗಿರಬಾರದು. ವ್ಯತ್ಯಾಸ ಇರುವುದು ವಿಮಾನವನ್ನು ತಿರುಗಿಸುವ ಹಲಗೆಗಳ ಅಳತೆಯಲ್ಲಿ: ಮೂಗು ಏರಿಳಿಸುವ ಎಲಿವೇಟರ್, ಎಡಬಲ ತಿರುಗಿಸುವ ರಡ್ಡರ್, ರೆಕ್ಕೆಯ ಮೇಲೆ ಉರುಳಿಸುವ ಐಲರಾನ್. ಪ್ಯಾಟರ್ನ್‌ಗೆ ಅವು 15 ಡಿಗ್ರಿಯಷ್ಟು ತಿರುಗಿದರೆ ಸಾಕು. 3ಡಿಗೆ 40ರಿಂದ 45 ಡಿಗ್ರಿ ಬೇಕು, ಆ ಹಲಗೆಗಳೂ ದೊಡ್ಡವಿರಬೇಕು.

ಇನ್ನು ವಸ್ತು. ಬಾಲ್ಸಾ ಮರದ ಬಾಡಿ ಹಗುರ, ಗಟ್ಟಿ, ಕೈ ಹೇಳಿದ್ದನ್ನು ತಕ್ಷಣ ಮಾಡುತ್ತದೆ. ಬಿದ್ದರೆ ಮಾತ್ರ ಕಡ್ಡಿಪುಡಿ. ಇಪಿಪಿ ಫೋಮ್ ಸ್ವಲ್ಪ ಮೆತ್ತಗಿದ್ದರೂ ನೆಲಕ್ಕೆ ಬಡಿದಾಗ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಹೋವರ್ ಕಲಿಯುವುದೇ ನೆಲದ ಹತ್ತಿರ ಅಲ್ವಾ? ಹಾಗಾಗಿ ಮೊದಲ ವಿಮಾನ ಇಪಿಪಿಯದೇ ಇರಲಿ ಎನ್ನುವವನು ನಾನು.

ಉದಾಹರಣೆಗೆ ರೆಕ್ಕೆಯ ಹರವು ಸುಮಾರು 1.1 ಮೀಟರ್, ಬ್ಯಾಟರಿ ಸಮೇತ ತೂಕ 1 ಕೆ.ಜಿ. ಇರುವ 3ಡಿ ವಿಮಾನ ಇಟ್ಟುಕೊಳ್ಳೋಣ.

ಎಷ್ಟು ವಾಟ್ ಬೇಕು?

ಹವ್ಯಾಸಿಗಳ ನಡುವೆ ಓಡಾಡುವ ಒಂದು ಒರಟು ಲೆಕ್ಕ ಇದೆ. ಸಾಧಾರಣ ಏರೋಬ್ಯಾಟಿಕ್‌ಗೆ ಒಂದು ಕೆ.ಜಿ.ಗೆ 300 ವಾಟ್, 3ಡಿಗೆ 400 ಅಥವಾ ಅದಕ್ಕಿಂತ ಜಾಸ್ತಿ. ಎಳೆತದ ಲೆಕ್ಕದಲ್ಲಿ ಹೇಳುವುದಾದರೆ 1 ಕೆ.ಜಿ. ವಿಮಾನಕ್ಕೆ ಸುಮಾರು ಒಂದೂವರೆ ಕೆ.ಜಿ. ಎಳೆತ ಬೇಕು. ಎಳೆತ ತೂಕಕ್ಕೆ ಸರಿಸಮ ಇದ್ದರೆ ವಿಮಾನ ಗಾಳಿಯಲ್ಲಿ ನಿಲ್ಲಬಹುದು. ಆದರೆ ಸ್ವಲ್ಪ ಎಡವಿದರೆ ಮೇಲೆದ್ದು ಪಾರಾಗಲು ಏನೂ ಉಳಿದಿರುವುದಿಲ್ಲ.

ನಮ್ಮ ಗುರಿ ಆಗ 400 ವಾಟ್. ಮೂರು ಸೆಲ್‌ನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ಅಂದರೆ 3ಎಸ್, ಹೆಸರಿಗೆ 11.1 ವೋಲ್ಟ್. ಪೂರ್ತಿ ತುಂಬಿದಾಗ 12.6. ಭಾರ ಬಿದ್ದಾಗ 11ರ ಆಸುಪಾಸಿಗೆ ಕುಸಿಯುತ್ತದೆ. 400ನ್ನು 11ರಿಂದ ಭಾಗಿಸಿದರೆ ಸುಮಾರು 36 ಆಂಪಿಯರ್. ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಮತ್ತು ಬ್ಯಾಟರಿ ಎರಡನ್ನೂ ಈ ಒಂದು ಅಂಕಿಯೇ ತೀರ್ಮಾನಿಸುತ್ತದೆ, ಬರೆದಿಟ್ಟುಕೊಳ್ಳಿ.

ಪ್ರೊಪೆಲರ್ ಮೊದಲು, ಮೋಟಾರ್ ಆಮೇಲೆ

ಪ್ರೊಪೆಲರ್ ಮೇಲೆ 12×6 ಎಂದು ಬರೆದಿದ್ದರೆ ವ್ಯಾಸ 12 ಇಂಚು, ಪಿಚ್ 6 ಇಂಚು. ಪಿಚ್ ಎಂದರೆ ಒಂದು ಸುತ್ತಿಗೆ ಅದು ಲೆಕ್ಕದ ಪ್ರಕಾರ ಮುಂದೆ ಹೋಗುವ ದೂರ. ವ್ಯಾಸ ಹೆಚ್ಚಿದರೆ ಎಳೆತ, ಪಿಚ್ ಹೆಚ್ಚಿದರೆ ವೇಗ. 3ಡಿಗೆ ದೊಡ್ಡ ವ್ಯಾಸ, ಕಡಿಮೆ ಪಿಚ್ ಸರಿ. ಪ್ಯಾಟರ್ನ್‌ಗೆ ಪಿಚ್ ಸ್ವಲ್ಪ ಏರಿಸಬಹುದು.

ಇಲ್ಲಿ ಒಂದು ಕಡೆ ಎಚ್ಚರ ಬೇಕು. ತಿರುಗುವ ವೇಗ ಅಷ್ಟೇ ಇದ್ದರೆ ಪ್ರೊಪೆಲರ್ ಕೇಳುವ ಶಕ್ತಿ ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತದೆ. 12 ಇಂಚಿನಿಂದ 13ಕ್ಕೆ ಹೋದರೆ ಸುಮಾರು 38 ಶೇಕಡಾ ಹೆಚ್ಚು ಶಕ್ತಿ ಬೇಕು. ಓಡುವಾಗ ಮೋಟಾರ್ ತುಸು ನಿಧಾನವಾಗಿ ಅಷ್ಟು ಪೂರ್ತಿ ಏರುವುದಿಲ್ಲ, ನಿಜ. ಆದರೂ ಕರೆಂಟ್ ಎಗರುತ್ತದೆ. ‘ಸುಮ್ನೆ ಒಂದಿಂಚು ದೊಡ್ಡದು ಹಾಕಿದೆ ಅಷ್ಟೇ’ ಎನ್ನುವವರ ಇಎಸ್‌ಸಿಯಿಂದ ಹೊಗೆ ಬರುವುದು ಇದಕ್ಕೇ.

ಈಗ ಮೋಟಾರ್. ಅದರ ಮೇಲಿನ ಕೆವಿ ಅಂಕಿ ಶಕ್ತಿಯನ್ನು ಹೇಳುವುದಿಲ್ಲ. ಭಾರವಿಲ್ಲದೆ ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂದಷ್ಟೇ ಹೇಳುತ್ತದೆ. ಸೈಕಲ್ಲಿನ ಗೇರ್ ಇದ್ದ ಹಾಗೆ: ಕಡಿಮೆ ಕೆವಿ ದೊಡ್ಡ ಪ್ರೊಪೆಲರನ್ನು ನಿಧಾನವಾಗಿ, ಹೆಚ್ಚು ಕೆವಿ ಚಿಕ್ಕದನ್ನು ಜೋರಾಗಿ ತಿರುಗಿಸುತ್ತದೆ. 1000 ಕೆವಿ ಮೋಟಾರಿಗೆ 11 ವೋಲ್ಟ್ ಕೊಟ್ಟರೆ ಲೆಕ್ಕಕ್ಕೆ 11,000 ಸುತ್ತು. ಪ್ರೊಪೆಲರ್ ಭಾರ ಬಿದ್ದಾಗ ಅದರ ಮುಕ್ಕಾಲು ಪಾಲು, ಸರಿಸುಮಾರು 8,300 ಸಿಗುತ್ತದೆ. 12×6 ಪ್ರೊಪೆಲರನ್ನು ಆ ವೇಗದಲ್ಲಿ ತಿರುಗಿಸಲು ಬ್ಯಾಟರಿಯಿಂದ ಬೇಕಾಗುವುದು ಸುಮಾರು 400 ವಾಟ್. ನಮ್ಮ ಗುರಿಯೂ ಅದೇ. 8,300ನ್ನು 6 ಇಂಚಿನಿಂದ ಗುಣಿಸಿದರೆ ಪಿಚ್ ವೇಗ ಗಂಟೆಗೆ 76 ಕಿ.ಮೀ. 3ಡಿಗೆ ಧಾರಾಳವಾಯಿತು.

ಮೋಟಾರಿನ ಹೆಸರಿನಲ್ಲಿ 2820, 3536 ಎಂಬಂಥ ಅಂಕಿಗಳಿರುತ್ತವೆ. ಕೆಲವು ತಯಾರಕರು ಅದರಲ್ಲಿ ಒಳಗೆ ತಿರುಗದೆ ನಿಲ್ಲುವ ಭಾಗದ (ಸ್ಟೇಟರ್) ಅಳತೆ ಕೊಡುತ್ತಾರೆ, ಕೆಲವರು ಹೊರಗಿನ ಡಬ್ಬಿಯ ಅಳತೆ. ಹಾಗಾಗಿ ಎರಡು ಮೋಟಾರ್ ಹೋಲಿಸಲು ತೂಕ ನೋಡಿ, ಅದು ಸುಳ್ಳು ಹೇಳುವುದಿಲ್ಲ. ಒಂದು ಗ್ರಾಂಗೆ 3 ವಾಟ್ ಹಿಡಿದರೆ ಮೋಟಾರ್ ಬಿಸಿಯಾಗದೆ ಬದುಕುತ್ತದೆ. ನಮ್ಮ ವಿಮಾನಕ್ಕೆ 135 ಗ್ರಾಂ ಆಸುಪಾಸಿನದು. 70 ಗ್ರಾಂ ಮೋಟಾರಿನ ಮೇಲೆ 400 ವಾಟ್ ಎಂದು ಬರೆದಿದ್ದರೆ ಅದು ಕೆಲವೇ ಸೆಕೆಂಡಿನ ಮಾತು.

ಇಎಸ್‌ಸಿ ಮತ್ತು ಬ್ಯಾಟರಿ

ಇಎಸ್‌ಸಿಯದು ಸುಲಭ. 36 ಆಂಪಿಯರ್‌ಗೆ ಕಾಲು ಭಾಗ ಸೇರಿಸಿದರೆ 45, ಅಂಗಡಿಯಲ್ಲಿ ಸಿಗುವುದು 50. ಅದನ್ನೇ ತನ್ನಿ. ಜೊತೆಗೆ ಅದರೊಳಗಿನ ಬಿಇಸಿ ನೋಡಿ. ರಿಮೋಟಿನ ಸಂಕೇತ ಹಿಡಿಯುವ ರಿಸೀವರ್‌ಗೂ ಹಲಗೆಗಳನ್ನು ತಿರುಗಿಸುವ ಪುಟ್ಟ ಮೋಟಾರುಗಳಾದ ಸರ್ವೊಗಳಿಗೂ ಕರೆಂಟ್ ಕೊಡುವುದು ಅದೇ. ಲೀನಿಯರ್ ಬಿಇಸಿ ಹೆಚ್ಚುವರಿ ವೋಲ್ಟೇಜನ್ನು ಶಾಖ ಮಾಡಿ ಕಳೆಯುತ್ತದೆ. ನಾಲ್ಕು ಸರ್ವೊ ಒಟ್ಟಿಗೆ ಒದ್ದಾಡುವ 3ಡಿ ವಿಮಾನಕ್ಕೆ ಸ್ವಿಚಿಂಗ್ ಬಿಇಸಿ ಇರುವುದೇ ಒಳ್ಳೆಯದು. ಬಿಇಸಿ ಕೈಕೊಟ್ಟರೆ ರಿಸೀವರ್ ಆರುತ್ತದೆ, ಆಮೇಲೆ ನೀವು ನೋಡುತ್ತಾ ನಿಲ್ಲಬೇಕಷ್ಟೇ.

ಬ್ಯಾಟರಿಗೆ 2200 ಎಂಎಎಚ್, ಅಂದರೆ 2.2 ಆಂಪಿಯರ್-ಅವರ್ ಸಾಕು. 36 ಆಂಪಿಯರನ್ನು 2.2ರಿಂದ ಭಾಗಿಸಿದರೆ 16ಸಿಗೆ ಸ್ವಲ್ಪ ಮೇಲೆ. ಸಿ ಎಂದರೆ ಬ್ಯಾಟರಿ ತನ್ನ ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಎಂಬ ಲೆಕ್ಕ. ಆದರೆ ಲೇಬಲ್ ಮೇಲಿನ ಸಿ ಅಂಕಿಗಳು ಬಹಳ ಸಲ ಊದಿಸಿದವು. 30ಸಿ ಅಥವಾ ಅದಕ್ಕಿಂತ ಮೇಲಿನದನ್ನು ತಂದರೆ ಭಾರ ಬಿದ್ದಾಗ ವೋಲ್ಟೇಜ್ ಕುಸಿಯುವುದೂ ಕಡಿಮೆ. ಥ್ರಾಟಲ್, ಅಂದರೆ ಮೋಟಾರಿನ ವೇಗ, ಏರಿಳಿಸುತ್ತಾ ಹಾರಿಸಿದರೆ ಸರಾಸರಿ 16 ಆಂಪಿಯರ್ ಎಂದುಕೊಳ್ಳಿ. ಬ್ಯಾಟರಿಯ 80 ಶೇಕಡಾ ಮಾತ್ರ ಬಳಸಿದರೆ ಆರೂವರೆ ನಿಮಿಷದ ಹಾರಾಟ. ಕಡಿಮೆ ಅನಿಸಿ 3000 ಎಂಎಎಚ್ ಹಾಕುವ ಆಸೆ ಬರುತ್ತದೆ. ಬೇಡ. ಈ ತೂಕದಲ್ಲಿ 60–70 ಗ್ರಾಂ ಹೆಚ್ಚಾದರೂ ಹೋವರ್‌ನಲ್ಲಿ ಗೊತ್ತಾಗುತ್ತದೆ. ಚಿಕ್ಕ ಬ್ಯಾಟರಿ ಎರಡು ಇಟ್ಟುಕೊಳ್ಳಿ. ಚಾರ್ಜ್ 1ಸಿಯಲ್ಲಿ, ಅಂದರೆ 2.2 ಆಂಪಿಯರ್‌ನಲ್ಲಿ, ಕಣ್ಣೆದುರೇ ಮಾಡಿ. ಹಾರಿಸದ ದಿನಗಳಲ್ಲಿ ಸೆಲ್‌ಗೆ 3.8 ವೋಲ್ಟ್‌ನಲ್ಲಿ ಇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ.

ದುಡ್ಡು ಹಾಕುವುದಾದರೆ ಸರ್ವೊಗೆ ಹಾಕಿ

ಮೋಟಾರ್ ಸಾಧಾರಣದ್ದಾದರೂ ವಿಮಾನ ಹಾರುತ್ತದೆ. ಸರ್ವೊ ಕೆಟ್ಟದಾದರೆ ಎಷ್ಟು ಚೆನ್ನಾಗಿ ಕೈ ಆಡಿಸಿದರೂ ಗೆರೆ ನೆಟ್ಟಗೆ ಬರುವುದಿಲ್ಲ. ನೋಡಬೇಕಾದ್ದು ಟಾರ್ಕ್, ವೇಗ, ಸಡಿಲ.

ಟಾರ್ಕ್ ಅಂದರೆ ತಿರುಗಿಸುವ ಬಲ. 2 ಕೆ.ಜಿ.-ಸೆಂ.ಮೀ. ಎಂದರೆ ನಡುವಿನಿಂದ 1 ಸೆಂ.ಮೀ. ದೂರದಲ್ಲಿ 2 ಕೆ.ಜಿ. ಎಳೆಯುತ್ತದೆ. ತೋಳು 2 ಸೆಂ.ಮೀ. ಆದರೆ ಸಿಗುವುದು 1 ಕೆ.ಜಿ. ಮಾತ್ರ. 45 ಡಿಗ್ರಿ ತಿರುಗಿಸಲು ಉದ್ದ ತೋಳು ಬೇಕೇ ಬೇಕು, ಹಾಗಾಗಿ ಟಾರ್ಕ್ ಬೇಕಾದ ಕಡೆಯೇ ಅದು ಕಡಿಮೆಯಾಗುತ್ತದೆ. ನಮ್ಮ 1 ಕೆ.ಜಿ. ವಿಮಾನಕ್ಕೆ 2 ಕೆ.ಜಿ.-ಸೆಂ.ಮೀ. ಆಸುಪಾಸು, 60 ಡಿಗ್ರಿ ತಿರುಗಲು 0.10 ಸೆಕೆಂಡಿನ ಹತ್ತಿರ ತೆಗೆದುಕೊಳ್ಳುವ ಸರ್ವೊ ಸಾಕು. ಈ ಅಂಕಿಗಳು 4.8 ವೋಲ್ಟ್‌ನದೋ 6 ವೋಲ್ಟ್‌ನದೋ ಎಂದು ನೋಡಿಯೇ ಹೋಲಿಸಿ.

ಸಡಿಲ ಪರೀಕ್ಷಿಸಲು ಸರ್ವೊಗೆ ಕರೆಂಟ್ ಕೊಟ್ಟು ತೋಳನ್ನು ಬೆರಳಿನಿಂದ ಮೆಲ್ಲಗೆ ಅಲುಗಾಡಿಸಿ. ಆಟ ಇದ್ದರೆ ಹಾರಾಟದಲ್ಲಿ ಅದು ಎರಡರಷ್ಟಾಗಿ ಕಾಣುತ್ತದೆ. ಲೋಹದ ಗೇರ್ ಬಿದ್ದಾಗ ಹಲ್ಲು ಮುರಿದುಕೊಳ್ಳುವುದು ಕಡಿಮೆ, ಆದರೆ ಸವೆದು ಸಡಿಲವಾಗುವುದುಂಟು. ಇನ್ನೊಂದು ವಿಷಯ. ತಿರುಗುವಿಕೆ ಜಾಸ್ತಿಯಾದರೆ ಟ್ರಾನ್ಸ್‌ಮಿಟರ್‌ನಲ್ಲಿ ಕಡಿತ ಮಾಡುವ ಬದಲು ಪುಶ್‌ರಾಡನ್ನು (ತೋಳನ್ನು ಹಲಗೆಗೆ ಜೋಡಿಸುವ ಕಡ್ಡಿ) ಸರ್ವೊ ತೋಳಿನ ಒಳತೂತಿಗೆ ಹಾಕಿ. ಸರ್ವೊ ಪೂರ್ತಿ ಓಡಾಡಲು ಬಿಟ್ಟರೆ ಬಲವೂ ಉಳಿಯುತ್ತದೆ, ನಿಖರತೆಯೂ ಉಳಿಯುತ್ತದೆ.

ರೇಡಿಯೊ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡು ಐಲರಾನ್‌ಗೆ ಬೇರೆ ಬೇರೆ ಚಾನೆಲ್, ಎಲಿವೇಟರ್, ರಡ್ಡರ್, ಥ್ರಾಟಲ್ ಸೇರಿ ಐದು. ಆರು ಚಾನೆಲ್‌ನ 2.4 ಗಿಗಾಹರ್ಟ್ಸ್ ಸೆಟ್ ಸಾಕು, ಡ್ಯುಯಲ್ ರೇಟ್ (ತಿರುಗುವಿಕೆಯ ಎರಡು ಮಿತಿಗಳನ್ನು ಸ್ವಿಚ್‌ನಲ್ಲಿ ಬದಲಿಸುವುದು) ಮತ್ತು ಎಕ್ಸ್‌ಪೋ (ಸ್ಟಿಕ್ ನಡುವಿನ ಹತ್ತಿರ ಇದ್ದಾಗ ಹಲಗೆ ಮೆಲ್ಲಗೆ ತಿರುಗುವುದು) ಇರಲೇಬೇಕು. ಸಂಕೇತ ತಪ್ಪಿದಾಗ ಕೆಲಸಕ್ಕೆ ಬರುವ ಫೇಲ್‌ಸೇಫ್‌ನಲ್ಲಿ ಥ್ರಾಟಲ್ ಸೊನ್ನೆಗೆ ಇಳಿಯುವಂತೆ ಹೊಂದಿಸಿ. ಪ್ರೊಪೆಲರ್ ಬಿಚ್ಚಿಟ್ಟು, ಮೋಟಾರ್ ತಿರುಗುವಾಗ ಟ್ರಾನ್ಸ್‌ಮಿಟರ್ ಆಫ್ ಮಾಡಿ ಮೋಟಾರ್ ನಿಲ್ಲುತ್ತದೆಯೇ ನೋಡಿ.

ಜೋಡಿಸಿದ ಮೇಲೆ

ತೂಕದ ಕೇಂದ್ರವನ್ನು ಬಾಡಿ ತಯಾರಕರು ಹೇಳಿದ ಜಾಗಕ್ಕೆ ತನ್ನಿ. ಸಾಮಾನ್ಯವಾಗಿ ಅದು ರೆಕ್ಕೆಯ ಸರಾಸರಿ ಅಗಲದಲ್ಲಿ ಮುಂದಿನಿಂದ 25ರಿಂದ 33 ಶೇಕಡಾ ಒಳಗೆ ಇರುತ್ತದೆ. ಸೀಸ ಅಂಟಿಸಬೇಡಿ, ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ. ಹಾರಿಸುವಾಗ 45 ಡಿಗ್ರಿ ಏರಿನಲ್ಲಿ ಮಗುಚಿ, ಎಲಿವೇಟರ್ ಬಿಟ್ಟುಬಿಡಿ. ಅದೇ ಗೆರೆಯಲ್ಲಿ ಏರುತ್ತಿದ್ದರೆ ಸರಿಯಾಗಿದೆ. ಮೂಗು ಬೇಗ ನೆಲದ ಕಡೆ ಬಾಗಿದರೆ ಮುಂಭಾಗ ಭಾರ.

ಹಾರಿಸುವ ಮೊದಲು ವಾಟ್‌ಮೀಟರ್ ಜೋಡಿಸಿ, ವಿಮಾನವನ್ನು ಗಟ್ಟಿಯಾಗಿ ಕಟ್ಟಿ, ಪ್ರೊಪೆಲರ್ ಸುತ್ತುವ ಪಕ್ಕಕ್ಕೆ ನಿಲ್ಲದೆ ಹಿಂದೆ ನಿಂತು ಪೂರ್ತಿ ಥ್ರಾಟಲ್ ಕೊಟ್ಟು ನೋಡಿ. 36ರ ಬದಲು 44 ಆಂಪಿಯರ್ ತೋರಿಸಿದರೆ ಪ್ರೊಪೆಲರನ್ನು 11 ಇಂಚಿಗೆ ಇಳಿಸಿ. ಮೊದಲ ಹಾರಾಟಗಳಿಗೆ 15 ಡಿಗ್ರಿ ಮತ್ತು 30 ಶೇಕಡಾ ಎಕ್ಸ್‌ಪೋ ಇರಲಿ, 45 ಡಿಗ್ರಿಯನ್ನು ಇನ್ನೊಂದು ಸ್ವಿಚ್‌ಗೆ ಕೊಡಿ. ಮೂರು ನಿಮಿಷಕ್ಕೇ ಇಳಿಸಿ ಮೋಟಾರ್, ಇಎಸ್‌ಸಿ, ಬ್ಯಾಟರಿ ಮೂರನ್ನೂ ಮುಟ್ಟಿ ನೋಡಿ. ಬೆರಳು ಇಟ್ಟುಕೊಳ್ಳಲಾಗದಷ್ಟು ಬಿಸಿ ಇದ್ದರೆ ಪ್ರೊಪೆಲರ್ ಇನ್ನೂ ದೊಡ್ಡದೇ ಆಗಿದೆ.