53 ಬೈಟಿನಿಂದ 6 ಬೈಟಿಗೆ

ಸಿ ಭಾಷೆ ಕಲಿತು ಕೆಲವೇ ತಿಂಗಳಾಗಿದ್ದಾಗ, ಎಂಟು ಜನ ಒಟ್ಟಿಗೆ ಆಡುವ ಟ್ಯಾಂಕ್ ಆಟವೊಂದನ್ನು ಬರೆಯಲು ಕುಳಿತೆ. ಪ್ರತಿ ಟ್ಯಾಂಕಿನ ಸಂಖ್ಯೆ, ಎಕ್ಸ್ ಮತ್ತು ವೈ ಸ್ಥಾನ, ತಿರುಗಿದ ಕೋನ, ಗುಂಡು ಹಾರಿಸಿದೆಯೋ ಇಲ್ಲವೋ: ಇಷ್ಟನ್ನು ಸೆಕೆಂಡಿಗೆ 20 ಬಾರಿ ಯುಡಿಪಿ (ತಲುಪಿತೇ ಎಂದು ನೋಡದೆ ಮಾಹಿತಿಯನ್ನು ಪ್ಯಾಕೆಟ್ ಎಂಬ ಕಂತೆಗಳಲ್ಲಿ ಕಳುಹಿಸುವ ವಿಧಾನ) ಮೂಲಕ ಕಳುಹಿಸಬೇಕಿತ್ತು. ಮೊದಲು ಜೇಸನ್ ಬಳಸಿದೆ; ಅದರಲ್ಲಿ ಪ್ರತಿ ಮಾಹಿತಿಯನ್ನೂ ಅದರ ಹೆಸರಿನೊಂದಿಗೆ ಪಠ್ಯವಾಗಿ ಬರೆಯಲಾಗುತ್ತದೆ. ಆಟವೇನೋ ನಡೆಯಿತು, ಎಣಿಸಿ ನೋಡಿದರೆ ಒಂದು ಟ್ಯಾಂಕಿಗೆ 53 ಬೈಟ್. ಅದರಲ್ಲಿ ಹೆಚ್ಚಿನ ಪಾಲು ಉದ್ಧರಣ ಚಿಹ್ನೆ, ಅಲ್ಪವಿರಾಮ, ಮತ್ತು ಎರಡೂ ಕಡೆಗೆ ಮೊದಲೇ ಗೊತ್ತಿರುವ ಹೆಸರುಗಳು.

ಹಾಗಾದರೆ ಸ್ಟ್ರಕ್ಟನ್ನೇ (ಸಿ ಭಾಷೆಯಲ್ಲಿ ಇವನ್ನೆಲ್ಲ ಒಟ್ಟಿಗೆ ಹಿಡಿದಿಡುವ ಕಟ್ಟು) ನೇರವಾಗಿ ಕಳುಹಿಸೋಣ ಎಂದುಕೊಂಡೆ. ಸಂಖ್ಯೆಗೆ ಒಂದು ಬೈಟ್, ಮೂರು ಫ್ಲೋಟ್‌ಗಳಿಗೆ (ದಶಮಾಂಶ ಸಂಖ್ಯೆಗಳು, ತಲಾ ನಾಲ್ಕು ಬೈಟ್) ಹನ್ನೆರಡು, ಗುಂಡಿಗೆ ಒಂದು, ಒಟ್ಟು 14. ಸೈಜ್‌ಆಫ್ ಎಂಬ ಅಳತೆಯ ಆದೇಶ ತೋರಿಸಿದ್ದು 20! ಫ್ಲೋಟ್‌ಗಳನ್ನು ನಾಲ್ಕರಿಂದ ಭಾಗವಾಗುವ ವಿಳಾಸದಲ್ಲೇ ಕೂರಿಸಲು ಕಂಪೈಲರ್ ಮೊದಲ ಬೈಟಿನ ನಂತರ ಮೂರು, ಕೊನೆಯ ಬೈಟಿನ ನಂತರ ಮೂರು ಖಾಲಿ ಬೈಟ್‌ಗಳನ್ನು ಸೇರಿಸಿತ್ತು. ಪ್ಯಾಡಿಂಗ್ ಎಂಬ ಪದವನ್ನು ನಾನು ಕೇಳಿದ್ದೇ ಅಂದು. ಪ್ಯಾಕ್ ಆದೇಶ ಹಾಕಿ ಅದನ್ನು ತೆಗೆದೆ, ಗೆದ್ದೆ ಎಂದು ಬೀಗಿದೆ. ಅಷ್ಟರಲ್ಲಿ ಗೆಳೆಯನೊಬ್ಬ ಸರ್ವರನ್ನು ಜಾವಾದಲ್ಲಿ ಬರೆದ. ಟ್ಯಾಂಕುಗಳೆಲ್ಲ ಪರದೆಯಿಂದಾಚೆಗೆ ಹಾರಿಹೋದವು. ಪರೀಕ್ಷೆಗೆಂದು ಎರಡು ಬೈಟಿನಲ್ಲಿ 1 ಎಂದು ಕಳುಹಿಸಿದರೆ ಅವನ ಕಡೆ 256 ಎಂದು ಬಂತು. ನನ್ನ ಯಂತ್ರ ಸಂಖ್ಯೆಯ ಚಿಕ್ಕ ಬೆಲೆಯ ಬೈಟನ್ನು (ಬಿಡಿ ಸ್ಥಾನದಂತೆ) ಮೊದಲು ಇಡುತ್ತದೆ. ಜಾವಾದ ಬೈಟ್‌ಬಫರ್ ಎಂಬ ಬೈಟ್ ಓದುವ ಸಾಧನ, ಬೇರೆ ಹೇಳದಿದ್ದರೆ, ದೊಡ್ಡ ಬೆಲೆಯದನ್ನು ಮೊದಲು ಓದುತ್ತದೆ. ನೆಟ್‌ವರ್ಕ್‌ನ ವಾಡಿಕೆಯೂ ಎರಡನೆಯದೇ. ಅಂದಿನಿಂದ ಸ್ಟ್ರಕ್ಟ್ ಮೆಮೊರಿಯಲ್ಲಿ ಇರುವ ಹಾಗೆಯೇ ಅದನ್ನು ಎಂದೂ ಕಳುಹಿಸಿಲ್ಲ. ಒಂದೊಂದೇ ಬೈಟನ್ನು ಕೈಯಾರೆ ಶಿಫ್ಟ್ ಮಾಡಿ (ಬಿಟ್‌ಗಳನ್ನು ಸರಿಸಿ ಬೇರ್ಪಡಿಸಿ) ಕಳುಹಿಸಬೇಕಾದ ಬಫರಿಗೆ ಬರೆಯುತ್ತೇನೆ. ಕೋಡ್ ನಾಲ್ಕು ಸಾಲು ಉದ್ದವಾಗುತ್ತದೆ, ಆಗಲಿ.

ಹೀಗೆ ಬರೆಯತೊಡಗಿದ ಮೇಲೆ ಪ್ರತಿ ಸಂಖ್ಯೆಗೂ ನಿಜವಾಗಿ ಎಷ್ಟು ಜಾಗ ಬೇಕೆಂದು ಕೇಳಿಕೊಳ್ಳುವುದು ಸುಲಭವಾಯಿತು. ಅಂಗಳದ ಅಗಲ 1024 ಪಿಕ್ಸೆಲ್, ಎತ್ತರ ಅದಕ್ಕಿಂತ ಕಡಿಮೆ. ಸ್ಥಾನವನ್ನು 64ರಿಂದ ಗುಣಿಸಿದರೆ 16 ಬಿಟ್‌ಗಳಲ್ಲಿ, ಅಂದರೆ ಎರಡು ಬೈಟಿನಲ್ಲಿ, ಕೂರುತ್ತದೆ. ಪಿಕ್ಸೆಲಿನ 64ನೇ ಒಂದು ಭಾಗದ ನಿಖರತೆ ಆಟಕ್ಕೆ ಧಾರಾಳ. ಕೋನಕ್ಕೆ ಒಂದೇ ಬೈಟ್: ಒಂದು ಹೆಜ್ಜೆಗೆ ಸುಮಾರು 1.4 ಡಿಗ್ರಿ. ಟ್ಯಾಂಕ್ ಸಂಖ್ಯೆಗೆ ನಾಲ್ಕು ಬಿಟ್, ಗುಂಡಿಗೆ ಒಂದು, ಎರಡೂ ಒಂದೇ ಬೈಟಿನಲ್ಲಿ. ಒಟ್ಟು 6.

ಆ ಸಂಭ್ರಮದಲ್ಲಿ ವೈರ್‌ಶಾರ್ಕ್ (ನೆಟ್‌ವರ್ಕಿನಲ್ಲಿ ಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ತಂತ್ರಾಂಶ) ತೆರೆದೆ, ತೆರೆಯಬಾರದಿತ್ತು. ನನ್ನ 6 ಬೈಟಿನ ಮುಂದೆ, ವಿಳಾಸ ಮುಂತಾದವನ್ನು ಹೊತ್ತ ಐಪಿವಿ4 ಹೆಡರ್ 20 ಬೈಟ್, ಯುಡಿಪಿ ಹೆಡರ್ 8. ಸರ್ವರ್ ಒಂದೊಂದು ಟ್ಯಾಂಕಿಗೂ ಬೇರೆ ಪ್ಯಾಕೆಟ್ ಕಳುಹಿಸುತ್ತಿದ್ದುದರಿಂದ ಒಬ್ಬ ಆಟಗಾರನಿಗೆ ಪ್ರತಿ ಸುತ್ತಿಗೆ 272 ಬೈಟ್ ಹೋಗುತ್ತಿತ್ತು. ಎಂಟನ್ನೂ ಒಂದೇ ಪ್ಯಾಕೆಟ್ಟಿಗೆ ಹಾಕಿ, ಮುಂದೆ ಆವೃತ್ತಿಗೆ ಒಂದು ಬೈಟ್, ಟ್ಯಾಂಕುಗಳ ಎಣಿಕೆಗೆ ಒಂದು, ಕ್ರಮಸಂಖ್ಯೆಗೆ ಎರಡು ಇಟ್ಟೆ. 272 ಇದ್ದದ್ದು 80ಕ್ಕೆ ಇಳಿಯಿತು. 14ನ್ನು 6ಕ್ಕೆ ಇಳಿಸಲು ಬಿಟ್ ಬಿಟ್ ಹೆಕ್ಕಿದ ವಾರಗಳಿಗಿಂತ ಈ ಒಂದು ಸಂಜೆಯ ಕೆಲಸವೇ ಹೆಚ್ಚು ಉಳಿಸಿತೆಂದು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವಾಯಿತು.

ಕ್ರಮಸಂಖ್ಯೆಯದು ಬೇರೆಯೇ ಕಥೆ. ಯುಡಿಪಿಯಲ್ಲಿ ಪ್ಯಾಕೆಟ್‌ಗಳು ಹಿಂದುಮುಂದಾಗಿ ಬರಬಹುದು. ಅದಕ್ಕಾಗಿ, ಹಿಂದಿನದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಮಾತ್ರ ಸ್ವೀಕರಿಸು ಎಂದು ಬರೆದಿದ್ದೆ. ಒಂದು ದಿನ ಆಟ ಐವತ್ತೈದನೇ ನಿಮಿಷದ ಹೊತ್ತಿಗೆ ಎಲ್ಲರ ಪರದೆಯಲ್ಲೂ ಕಲ್ಲಾಗಿ ನಿಂತಿತು. ಸೆಕೆಂಡಿಗೆ 20ರಂತೆ, ಎರಡು ಬೈಟಿನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯಾದ 65,535 ದಾಟಿ ಎಣಿಕೆ ಸೊನ್ನೆಗೆ ಮರಳಿತ್ತು. ಆಮೇಲೆ ಬಂದದ್ದೆಲ್ಲ ಹಳೆಯದೆಂದು ಕ್ಲೈಂಟ್ (ಆಟಗಾರನ ಯಂತ್ರದ ಕಾರ್ಯಕ್ರಮ) ಎಸೆಯುತ್ತಿತ್ತು. ಹೊಸದರಿಂದ ಹಳೆಯದನ್ನು 16 ಬಿಟ್‌ಗಳಲ್ಲೇ ಕಳೆದು, ಉತ್ತರವನ್ನು ಚಿಹ್ನೆಯುಳ್ಳ (ಧನ ಅಥವಾ ಋಣವಾಗಬಲ್ಲ) ಸಂಖ್ಯೆಯಾಗಿ ಓದಿ, ಧನವಾದರೆ ಸ್ವೀಕರಿಸು ಎಂದು ತಿದ್ದಿದೆ. ಈಗ ಪರೀಕ್ಷೆ ಮಾಡುವಾಗ ಎಣಿಕೆಯನ್ನು 65,500ರಿಂದಲೇ ಆರಂಭಿಸುತ್ತೇನೆ. ಎರಡು ಸೆಕೆಂಡಿನೊಳಗೆ ಅದು ಸೊನ್ನೆಗೆ ಬರುತ್ತದೆ, ಒಂದು ಗಂಟೆ ಕಾಯಬೇಕಾಗಿಲ್ಲ.