ಹಿಂದಿನ ಟೈರ್ ಬದಲಿಸೋ ಮುಂಚೆ

ಪುಣೆಯಿಂದ ಊರಿಗೆ ಬೈಕಲ್ಲೇ ಹೋಗಿಬರೋರು ಹಿಂದಿನ ಟೈರ್ ಕೊಳ್ಳುವಾಗ ಡ್ಯುಯಲ್ ಕಾಂಪೌಂಡ್ (ಎರಡು ಬಗೆಯ ರಬ್ಬರ್) ಇರೋ ಸ್ಪೋರ್ಟ್ ಟೂರಿಂಗ್ (ದೂರದ ಓಟಕ್ಕೂ ತಿರುವಿಗೂ ಒಗ್ಗೋ) ಟೈರನ್ನೇ ಕೇಳಿ. ಬೆಳಗಾವಿ, ಹುಬ್ಬಳ್ಳಿ ಕಡೆ ಹೈವೇ ಬಹುಪಾಲು ನೇರ. ಸವೆಯೋದು ನಡುವಿನ ಪಟ್ಟಿ, ಕೊನೆಗೆ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಡ್ಯುಯಲ್ ಕಾಂಪೌಂಡ್ ಟೈರಲ್ಲಿ ನಡುವೆ ಗಟ್ಟಿ ರಬ್ಬರ್, ಅಂಚಿಗೆ ಮೆತ್ತನೆಯದು. ಬಾಳಿಕೆಯೂ ಬರುತ್ತೆ, ಖಂಬಾಟ್ಕಿ ಘಾಟಿನ ತಿರುವಲ್ಲಿ ಹಿಡಿತವೂ ಇರುತ್ತೆ. ಅಂಗಡಿಯವರು ಎಷ್ಟೇ ‘ಹೊಸ ಸ್ಟಾಕ್’ ಅಂದ್ರೂ ಟೈರಿನ ಪಕ್ಕೆಯಲ್ಲಿ DOT (ಡಿಒಟಿ) ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ ನೀವೇ ಓದಿ: 2325 ಅಂದ್ರೆ 2025ರ 23ನೇ ವಾರ ತಯಾರಾದದ್ದು. ಒಂದು ಬದಿಯಲ್ಲಿ ಕಾಣದಿದ್ರೆ ತಿರುಗಿಸಿ ನೋಡಿ. ವಾರವಾರ ಪುಣೆ ಹತ್ತಿರದ ತಾಮ್ಹಿಣಿ ಘಾಟಿನ ತಿರುವು ಸುತ್ತೋರಿಗೆ ಮಾತ್ರ ಈ ಟೈರಿಂದ ಅಷ್ಟು ಲಾಭವಿಲ್ಲ, ಅವರ ಅಂಚೇ ಮೊದಲು ಹೋಗುತ್ತೆ. ಗಾಳಿ ಕಮ್ಮಿ ಇಟ್ಟು, ಲಗೇಜ್ ಹೇರಿ ಡಬಲ್ಸ್ ಹೊಡೆಯೋರಿಗೂ ಅಷ್ಟೇ.